ಮಲ್ಲಿಗೆ ಯಾರ ಹೂವು?

ಶಾಬಾನ್ ತಿಂಗಳಲ್ಲಿ ಉಡುಪಿ ಕಡೆಯ ನಮ್ಮ ಬಂಧುಗಳ ಮನೆಯಲ್ಲಿ ಒಂದು ನಿಕಾಹ್ ಇತ್ತು. ಮೆಹೆಂದಿಯ ಸಂಜೆ ಶಂಕರಪುರದಿಂದ ಮಲ್ಲಿಗೆ ಬಂತು. ಬಾಳೆಎಲೆಯ ಕಟ್ಟು ಬಿಚ್ಚುವ ಮೊದಲೇ ಅದರ ಪರಿಮಳ ಜಗಲಿಯಿಂದ ಅಡುಗೆಮನೆಯವರೆಗೆ ಹರಡಿತು. ಆಗ ಮದುಮಗಳ ಸೋದರಸಂಬಂಧಿ, ಎಂಟು ವರ್ಷ ರಿಯಾದಿನಲ್ಲಿ ದುಡಿದು ಬಂದ ಹುಡುಗ, ಎಲ್ಲರೆದುರೇ ಹೇಳಿದ: "ನಾನಿ, ಈ ಹೂ ಮುಡಿಸೋದೆಲ್ಲ ಬೇರೆಯವರ ಪದ್ಧತಿ. ಅರಬರಲ್ಲಿ ಇದೆಲ್ಲಿದೆ? ನಾನು ಅಷ್ಟು ವರ್ಷ ಅಲ್ಲಿದ್ದೆ, ಒಂದು ದಿನವೂ ನೋಡಿಲ್ಲ."

ನಾನಿ ಉತ್ತರ ಕೊಡಲಿಲ್ಲ. ಹೂವಿನ ಕಟ್ಟಿಗೆ ಒದ್ದೆ ಬಟ್ಟೆ ಹೊದಿಸಿ ಒಳಕೋಣೆಯಲ್ಲಿಟ್ಟು ಬಂದರು. ಹುಡುಗಿಯ ಮುಖ ಮಾತ್ರ ಸಣ್ಣದಾಯಿತು. ಮರುದಿನ ಜುಮಾ. ನಮಾಜ್ ಮುಗಿದ ಮೇಲೆ ಹುಡುಗಿಯ ತಂದೆ ನಮ್ಮನ್ನು ಮಸೀದಿಯ ಅಂಗಳದಲ್ಲಿ ನಿಲ್ಲಿಸಿ, "ನೀವು ಓದಿದವರು, ನೀವೇ ಹೇಳಿ" ಎಂದರು.

ಫತ್ವಾ ಕೊಡುವುದು ನಮ್ಮ ಕೆಲಸವಲ್ಲ, ಅದಕ್ಕೆ ಉಲಮಾಗಳಿದ್ದಾರೆ. ಹೆಣ್ಣುಮಕ್ಕಳು ಸುಗಂಧ ಹಚ್ಚಿಕೊಂಡು ಪರಪುರುಷರ ನಡುವೆ ಹೋಗುವ ವಿಷಯದಲ್ಲಿ ಹದೀಸ್ ಇದೆ, ವಿದ್ವಾಂಸರ ವಿವರಣೆ ಇದೆ. ಅದನ್ನು ಯಾರೂ ತಳ್ಳಿಹಾಕುತ್ತಿಲ್ಲ. ಆದರೆ ಆ ಹುಡುಗ ಕೇಳಿದ್ದು ಅದನ್ನಲ್ಲ. ಹೂವು ಬೇರೆಯವರದು, ಅರಬರಲ್ಲಿ ಇಲ್ಲ ಎಂದು ಅವನು ಹೇಳಿದ. ಅದು ಇತಿಹಾಸದ ಮಾತು, ಅದಕ್ಕೆ ಇತಿಹಾಸದಲ್ಲೇ ಉತ್ತರ ಹುಡುಕಬೇಕು. ಅಂದು ಅಂಗಳದಲ್ಲಿ ನಿಂತು ಹೇಳಿದ್ದು ಬಹಳ ಕಡಿಮೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೂವುಗಳನ್ನು ಬಿಡಿಸಿಕೊಳ್ಳೋಣ. ನಾವು ಒಟ್ಟಾಗಿ ಮಲ್ಲಿಗೆ ಎನ್ನುವುದರಲ್ಲಿ ಹಲವು ಬಳ್ಳಿಗಳಿವೆ. ಚಪ್ಪರಕ್ಕೆ ಹಬ್ಬುವ, ತೆಳು ಎಸಳಿನ ಜಾಜಿ ಒಂದು. ಉರ್ದುವಿನಲ್ಲಿ ಅದು ಚಮೇಲಿ, ಅರಬಿ ಫಾರ್ಸಿಗಳಲ್ಲಿ ಯಾಸಮೀನ್. ಪೊದೆಯಂತೆ ಬೆಳೆದು ಆಸರೆ ಸಿಕ್ಕರೆ ಬಳ್ಳಿಯಾಗುವ, ದುಂಡನೆ ಮೊಗ್ಗಿನ ಮಲ್ಲಿಗೆ ಇನ್ನೊಂದು. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಉರ್ದುವಿನವರ ಮೋಗ್ರಾ, ಮೋತಿಯಾ ಎಲ್ಲ ಈ ಬಳಗದವು. ಈಜಿಪ್ಟ್, ಯೆಮನ್, ಟ್ಯುನಿಷಿಯಾಗಳಲ್ಲಿ ಇದರ ಹೆಸರು ಫುಲ್. ಜಾಜಿಯ ಇತಿಹಾಸ ಒಂದು ದಾರಿಯಲ್ಲಿ ಹೋಗುತ್ತದೆ, ಮಲ್ಲಿಗೆಯದು ಇನ್ನೊಂದರಲ್ಲಿ. ನಡುನಡುವೆ ಎರಡೂ ಒಂದನ್ನೊಂದು ಹಾಯುತ್ತವೆ.

ಯಾಸಮೀನ್ ಎಂಬ ಪದ ಅರಬಿಯದಲ್ಲ. ಅರಬಿ ನಿಘಂಟುಕಾರರೇ ಅದನ್ನು ಫಾರ್ಸಿಯಿಂದ ಬಂದ ಪದವೆಂದು ಗುರುತಿಸಿದ್ದಾರೆ. ಮುಂದೆ ಯುರೋಪಿನ ಭಾಷೆಗಳಿಗೆ ಜಾಸ್ಮಿನ್ ಎಂಬ ಹೆಸರು ಹೋದದ್ದೂ ಇದೇ ಮೂಲದಿಂದ. ಪ್ರವಾದಿ ಮುಹಮ್ಮದ್(ಸ)ರ ಕಾಲದವನೇ ಆದ ಅರಬಿ ಕವಿ ಅಲ್ ಆಶಾ ತನ್ನ ಒಂದು ಕವಿತೆಯಲ್ಲಿ ಪರ್ಶಿಯಾದ ಹೂಗಳ ಹೆಸರುಗಳನ್ನು ಸಾಲಾಗಿ ಹೇಳುತ್ತಾನೆ, ಅದರಲ್ಲಿ ಯಾಸಮೀನ್ ಕೂಡ ಇದೆ. ಎಂದರೆ ಇಸ್ಲಾಮಿನ ಉದಯದ ಹೊತ್ತಿಗೇ ಅರಬರ ಕಿವಿಗೆ ಈ ಹೆಸರು ಬಿದ್ದಿತ್ತು, ಆದರೆ ಹೊರಗಿನ ಹೆಸರಾಗಿ, ಪರ್ಶಿಯನ್ ಆಸ್ಥಾನಗಳ ವೈಭವದ ಹೆಸರಾಗಿ.

ಕುರ್‌ಆನಿನಲ್ಲಿ ಮಲ್ಲಿಗೆಯ ಹೆಸರಿಲ್ಲ. ಕಸ್ತೂರಿ ಇದೆ, ಕರ್ಪೂರ ಇದೆ, ಶುಂಠಿ ಇದೆ. ಸುಗಂಧಭರಿತ ಸಸ್ಯಗಳಿಗೆ ಒಟ್ಟಾಗಿ ಹೇಳುವ ರೈಹಾನ್ ಎಂಬ ಪದ ಇದೆ. ಅದನ್ನು ಕೆಲವರು ಕಾಮಕಸ್ತೂರಿ ಎಂದೇ ಅರ್ಥ ಮಾಡುತ್ತಾರೆ, ಬಹಳಷ್ಟು ವ್ಯಾಖ್ಯಾನಕಾರರು ಪರಿಮಳದ ಎಲ್ಲ ಸಸ್ಯಗಳಿಗೂ ಅನ್ವಯಿಸುತ್ತಾರೆ. ಯಾರಾದರೂ ರೈಹಾನ್ ನೀಡಿದರೆ ನಿರಾಕರಿಸಬಾರದು, ಹೊರಲು ಹಗುರ, ಪರಿಮಳ ಹಿತ ಎಂಬ ಆಶಯದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಜುಮಾದ ದಿನ ಸ್ನಾನ ಮಾಡಿ, ಎಣ್ಣೆ ಹಚ್ಚಿ ಅಥವಾ ಮನೆಯಲ್ಲಿರುವ ಸುಗಂಧ ಪೂಸಿ ಮಸೀದಿಗೆ ಬರುವವನ ಬಗ್ಗೆ ಸಲ್ಮಾನ್ ಫಾರ್ಸಿ(ರ)ಯವರು ವರದಿ ಮಾಡಿದ ಹದೀಸ್ ಬುಖಾರಿಯಲ್ಲಿದೆ, ಅದನ್ನು ನಮ್ಮ ಓದುಗರು ಎಷ್ಟೋ ಖುತುಬಾಗಳಲ್ಲಿ ಕೇಳಿದ್ದೀರಿ. ಮನೆಯಲ್ಲಿರುವ ಸುಗಂಧ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಗಮನಿಸದೆ ದಾಟಿಬಿಡುತ್ತೇವೆ. ಮದೀನಾದ ಮನೆಯಲ್ಲಿ ಒಂದು ಇರುತ್ತದೆ, ಕರಾವಳಿಯ ಮನೆಯಲ್ಲಿ ಇನ್ನೊಂದು.

ಈಗ ಪರ್ಶಿಯಾಕ್ಕೆ ಬರೋಣ. ಇಸ್ಲಾಮಿನ ಮುಂಚೆ ಅಲ್ಲಿ ಮಲ್ಲಿಗೆ ಕೇವಲ ತೋಟದ ಹೂವಾಗಿರಲಿಲ್ಲ. ಝರತುಷ್ಟ್ರ ಧರ್ಮದ ಬುಂದಹಿಶ್ನ ಎಂಬ ಪಹ್ಲವಿ ಗ್ರಂಥದಲ್ಲಿ ಒಂದೊಂದು ಹೂವನ್ನು ಒಂದೊಂದು ದೈವೀ ಶಕ್ತಿಗೆ ಹಂಚಿಕೊಟ್ಟಿದೆ, ಮಲ್ಲಿಗೆಗೂ ಅಲ್ಲಿ ಪಾಲಿದೆ. ಬೇರೆಯವರ ಪದ್ಧತಿ ಎಂದು ಬಿಟ್ಟುಬಿಡುವುದಾದರೆ ಮೊದಲ ಮುಸ್ಲಿಮರು ಯಾಸಮೀನನ್ನೇ ಬಿಡಬೇಕಿತ್ತು. ಅವರು ಹಾಗೆ ಮಾಡಲಿಲ್ಲ. ನಂಬಿಕೆಯನ್ನು ಬದಿಗಿಟ್ಟರು, ಹೂವನ್ನು ಇಟ್ಟುಕೊಂಡರು. ಪರ್ಶಿಯಾ ಮುಸ್ಲಿಮ್ ನಾಡಾದ ಮೇಲೆ ಅಲ್ಲಿನ ಫಾರ್ಸ್ ಪ್ರಾಂತ್ಯದ ಊರುಗಳು ಸುಗಂಧದಿಂದಲೇ ಹೆಸರಾದವು. ಜೂರ್ ಪಟ್ಟಣದ ಗುಲಾಬಿ ನೀರು ಭಾರತ, ಚೀನಾ, ಯೆಮನ್‌ಗಳಿಗೆ ಹೋಗುತ್ತಿತ್ತೆಂದೂ ಸಾಬೂರ್ ಪಟ್ಟಣ ಹೂವಿನ ಎಣ್ಣೆಗಳಿಗೆ ಪ್ರಸಿದ್ಧವೆಂದೂ ಹತ್ತನೇ ಶತಮಾನದ ಭೂಗೋಳಕಾರರು ಬರೆದಿದ್ದಾರೆ.

ಒಂಬತ್ತನೇ ಶತಮಾನದಲ್ಲಿ ಇರಾಕಿನ ತತ್ತ್ವಜ್ಞಾನಿ ಅಲ್ ಕಿಂದಿಯ ಹೆಸರಿನಲ್ಲಿ ಸುಗಂಧ ತಯಾರಿಕೆಯ ಒಂದು ಪುಸ್ತಕವಿದೆ. ಅದರಲ್ಲಿ ನೂರಕ್ಕೂ ಹೆಚ್ಚು ತಯಾರಿಕಾ ವಿಧಾನಗಳಿವೆ, ಬಟ್ಟಿ ಇಳಿಸುವ ವಿವರವೂ ಇದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಗುಲಾಬಿ ನೀರನ್ನು ಮೊದಲು ಬಟ್ಟಿ ಇಳಿಸಿದವರು ಇಬ್ನ್ ಸೀನಾ ಎಂದು ನಮ್ಮ ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಇಬ್ನ್ ಸೀನಾ ಹುಟ್ಟಿದ್ದು 980ರಲ್ಲಿ. ಅಲ್ ಕಿಂದಿ ತೀರಿಕೊಂಡು ಆಗಲೇ ನೂರು ವರ್ಷ ದಾಟಿತ್ತು. ಹೆಮ್ಮೆ ಪಡಲು ನಮಗೆ ಬೇಕಾದಷ್ಟಿದೆ, ಅದಕ್ಕಾಗಿ ತಪ್ಪು ಲೆಕ್ಕ ಹೇಳಬೇಕಾಗಿಲ್ಲ.

ಗುಲಾಬಿಯನ್ನು ಬಟ್ಟಿ ಇಳಿಸಬಹುದು, ಮಲ್ಲಿಗೆಯ ಸ್ವಭಾವ ಬೇರೆ. ಗುಲಾಬಿಯ ಎಸಳಿನಲ್ಲಿ ಎಣ್ಣೆ ಸಂಗ್ರಹವಾಗಿರುತ್ತದೆ. ಮಲ್ಲಿಗೆಯಲ್ಲಿ ಪರಿಮಳ ಆಗಿಂದಾಗ್ಗೆ ಹುಟ್ಟಿ ಗಾಳಿಗೆ ಸೇರುತ್ತದೆ. ಬೆಳಿಗ್ಗೆ ಕೊಯ್ದ ಮೊಗ್ಗಿಗೆ ಹೇಳಿಕೊಳ್ಳುವ ವಾಸನೆಯೇ ಇರುವುದಿಲ್ಲ. ಸಂಜೆ ಅರಳುವಾಗ ಸುವಾಸನೆ ಶುರುವಾಗುತ್ತದೆ. ಬಳ್ಳಿಯಿಂದ ಬೇರ್ಪಟ್ಟ ಮೇಲೂ ರಾತ್ರಿಯಿಡೀ ಅದು ಪರಿಮಳ ಬಿಡುತ್ತಲೇ ಇರುತ್ತದೆ. ಕುದಿವ ನೀರಿಗೆ ಹಾಕಿದರೆ ಆ ಕೆಲಸವೇ ನಿಂತುಹೋಗುತ್ತದೆ, ಇದ್ದ ಸೂಕ್ಷ್ಮವೂ ಬಹುಪಾಲು ಕೆಡುತ್ತದೆ. ಈ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತುವೊಂದಿದೆ. ಅದು ಅಳತೆಯಲ್ಲಿದ್ದರೆ ಮಲ್ಲಿಗೆಗೆ ಮಲ್ಲಿಗೆತನ, ಅಳತೆ ಮೀರಿದರೆ ಕೊಳೆತ ನಾತ. ಮದುವೆಮನೆಯ ಮುಚ್ಚಿದ ಕೋಣೆಯಲ್ಲಿ ಬೆಳಗಿನ ಜಾವ ಬಾಡಿದ ಮಲ್ಲಿಗೆ ತಲೆನೋವು ತರಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಈ ಪರಿಮಳವನ್ನು ಹಿಡಿದಿಡುವುದು ಹೇಗೆ? ಹಳೆಯ ಜನ ಕಂಡುಕೊಂಡ ಉಪಾಯ ಎಳ್ಳು. ತೊಳೆದು ಸಿಪ್ಪೆ ತೆಗೆದ ಎಳ್ಳನ್ನು ಹರಡುವುದು, ಮೇಲೆ ಹೂವಿನ ಪದರ, ಮತ್ತೆ ಎಳ್ಳು, ಮತ್ತೆ ಹೂವು. ಹೂವು ರಾತ್ರಿಯಿಡೀ ಬಿಟ್ಟ ಪರಿಮಳವನ್ನು ಎಳ್ಳಿನ ಎಣ್ಣೆ ಹೀರಿಕೊಳ್ಳುತ್ತದೆ. ಮರುದಿನ ಬಾಡಿದ ಹೂ ತೆಗೆದು ಹೊಸ ಹೂ. ಹೀಗೆ ಹಲವು ದಿನ ನಡೆಸಿ ಆಮೇಲೆ ಗಾಣಕ್ಕೆ ಹಾಕಿದರೆ ಬರುವುದು ಹೂವಿನೆಣ್ಣೆ. ಬೆಂಕಿ ಬೇಡ, ಹಬೆ ಬೇಡ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ನಮ್ಮ ನಾಡಿನಲ್ಲೇ ಬರೆಸಿದ ಮಾನಸೋಲ್ಲಾಸದಲ್ಲಿ ರಾಜನ ಅಭ್ಯಂಜನಕ್ಕೆ ಹೂವಿನ ಪರಿಮಳ ಹತ್ತಿಸಿದ ಎಳ್ಳಿನೆಣ್ಣೆಯ ಮಾತು ಬರುತ್ತದೆ. ಮಾಳ್ವದ ಮಾಂಡುವಿನ ಸುಲ್ತಾನ ಘಿಯಾಸುದ್ದೀನ್ ಖಿಲ್ಜಿಯ ಕಾಲದಲ್ಲಿ, ಹದಿನೈದನೇ ಶತಮಾನದ ಕೊನೆಗೆ ಶುರುವಾದ ನಿಅಮತ್‌ನಾಮಾ ಎಂಬ ಅಡುಗೆ ಗ್ರಂಥದಲ್ಲಿ ಸಮೋಸಾ, ಶರಬತ್ತಿನ ಪಕ್ಕದಲ್ಲೇ ಇಂಥ ಪರಿಮಳದೆಣ್ಣೆಗಳ ವಿಧಾನಗಳೂ ಇವೆ. ಉತ್ತರ ಪ್ರದೇಶದ ಜೌನ್‌ಪುರ, ಘಾಝಿಪುರಗಳ ಚಮೇಲಿ ಎಣ್ಣೆಗೂ ಇದೇ ಪದ್ಧತಿ.

ಅರಬಿಯಲ್ಲಿ ಈ ಎಣ್ಣೆಗೊಂದು ಹೆಸರಿತ್ತು: ಝನ್ಬಖ್. ಹದಿಮೂರನೇ ಶತಮಾನದ ಅಂದಲೂಸಿನ ಸಸ್ಯತಜ್ಞ ಇಬ್ನುಲ್ ಬೈತಾರ್, ಎಳ್ಳಿನೆಣ್ಣೆಗೆ ಯಾಸಮೀನಿನ ಪರಿಮಳ ಹತ್ತಿಸಿದ್ದೇ ಝನ್ಬಖ್ ಎನ್ನುತ್ತಾನೆ. ಇಂದಿನ ಅರಬಿಯಲ್ಲಿ ಝನ್ಬಖ್ ಎಂದರೆ ಲಿಲ್ಲಿ ಹೂವು. ಹಳೆಯ ಅರ್ಥ ಜನರ ಬಾಯಿಂದ ಜಾರಿಹೋಯಿತು. ಆದರೆ ಅದು ಸಂಪೂರ್ಣ ಕಳೆದುಹೋಗಲಿಲ್ಲ. ಯುರೋಪಿನ ಸಸ್ಯತಜ್ಞರು ಈ ಪದವನ್ನು ಸಾಂಬಾಕ್ ಎಂದು ತಿರುಚಿ ನಮ್ಮ ದುಂಡು ಮಲ್ಲಿಗೆಗೆ ಅಂಟಿಸಿದರು. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಶಾಸ್ತ್ರೀಯ ಹೆಸರು ಕೊಡುವಾಗ ಅದೇ ಪದ ಉಳಿಯಿತು. ಶಂಕರಪುರದ ಮಲ್ಲಿಗೆಯ ಶಾಸ್ತ್ರೀಯ ಹೆಸರು ಇಂದಿಗೂ ಜಾಸ್ಮಿನಮ್ ಸಾಂಬಾಕ್. ಮೊದಲ ಪದ ಫಾರ್ಸಿಯಿಂದ, ಎರಡನೆಯದು ಅರಬಿಯಿಂದ. ಇಂಗ್ಲಿಷಿನವರಂತೂ ಅದನ್ನು ಅರೇಬಿಯನ್ ಜಾಸ್ಮಿನ್ ಎಂದೇ ಕರೆಯುತ್ತಾರೆ. ಹೂವಿನ ತವರು ಭಾರತ ಮತ್ತು ಅದರ ಪೂರ್ವದ ನಾಡುಗಳು, ಹೆಸರು ಅರಬರದು. ಬೇರೆಯವರ ಹೂವು ಎನ್ನುವಾಗ ಯಾರನ್ನು ಬೇರೆಯವರೆನ್ನುವುದು ಎಂದು ನಾವು ಆ ಹುಡುಗನನ್ನು ಕೇಳಿದ್ದು ಇದೇ ಕಾರಣಕ್ಕೆ.

ಪೂರ್ವಕ್ಕೂ ಈ ಹೂವು ಎರಡು ಹೆಸರು ಹೊತ್ತು ಹೋಯಿತು. ಚೀನಾದ ಹಳೆಯ ಗ್ರಂಥಗಳಲ್ಲಿ ಪಶ್ಚಿಮದಿಂದ ಪರದೇಶಿಗಳು ತಂದ ಎರಡು ಬಿಳಿ ಹೂಗಳ ಉಲ್ಲೇಖವಿದೆ. ಒಂದು ಯೆಶಿಮಿಂಗ್, ಇನ್ನೊಂದು ಮೊಲಿ. ಮೊದಲನೆಯದರಲ್ಲಿ ಯಾಸಮೀನ್ ಕೇಳಿಸುತ್ತದೆ. ಎರಡನೆಯದು ಸಂಸ್ಕೃತದ ಮಲ್ಲಿಕಾ, ನಮ್ಮ ಮಲ್ಲಿಗೆ. ಹಡಗಿನವರು ತಂದ ಹೂವು ಫುಝೌ ಬಂದರಿನ ಸುತ್ತ ಬೇರೂರಿತು. ಅಲ್ಲಿನವರು ಎಳ್ಳಿನ ಬದಲು ಚಹಾ ಎಲೆಯ ಮೇಲೆ ಹೂವಿನ ಪದರ ಹಾಸಿದರು, ರಾತ್ರಿ ಕಳೆದ ಮೇಲೆ ಹೂವನ್ನು ಆಯ್ದು ತೆಗೆದು ಚಹಾವನ್ನು ಮಾತ್ರ ಉಳಿಸಿಕೊಂಡರು. ಉಪಾಯ ಒಂದೇ. ಫುಝೌನ ಮಲ್ಲಿಗೆ ಮತ್ತು ಚಹಾ ಕೃಷಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿತು. ಇಂಡೋನೇಷ್ಯಾ 1990ರಲ್ಲಿ ಇದೇ ಹೂವನ್ನು ರಾಷ್ಟ್ರೀಯ ಹೂಗಳಲ್ಲಿ ಒಂದಾಗಿ ಘೋಷಿಸಿತು. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರಿರುವ ದೇಶ ಅದು, ಅಲ್ಲಿ ಜಾವಾದ ಮದುಮಗಳ ತಲೆಗೂ ಮಲ್ಲಿಗೆಯ ಸರ ಇಳಿಬೀಳುತ್ತದೆ.

ಇನ್ನು ನಮ್ಮ ನಾಡು. ಮಧ್ಯ ಏಷ್ಯಾದಿಂದ ಬಂದ ಬಾಬರನಿಗೆ ಹಿಂದುಸ್ತಾನದಲ್ಲಿ ಇಷ್ಟವಾಗದ್ದೇ ಹೆಚ್ಚು. ಸೆಕೆ, ಧೂಳು, ಕರಬೂಜ ಇಲ್ಲದ ಊರು ಎಂದೆಲ್ಲ ಗೊಣಗುತ್ತಾನೆ. ಆದರೆ ಇಲ್ಲಿನ ಮಲ್ಲಿಗೆ ತನ್ನ ನಾಡಿನ ಯಾಸಮನ್‌ಗಿಂತ ಹೆಚ್ಚು ಪರಿಮಳದ್ದು ಎಂಬುದನ್ನು ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಅವನ ಮರಿಮಗ ಜಹಾಂಗೀರ್ ಇನ್ನೂ ಮುಂದೆ ಹೋಗಿ, ಪರಿಮಳದ ಹೂಗಳ ವಿಷಯದಲ್ಲಿ ಹಿಂದುಸ್ತಾನಕ್ಕೆ ಸಮನಾದ ನಾಡಿಲ್ಲ ಎಂಬರ್ಥದಲ್ಲಿ ಬರೆದು, ಸಂಪಿಗೆ, ಕೇದಗೆ, ಚಮೇಲಿಗಳನ್ನು ಹೆಸರಿಸುತ್ತಾನೆ. ಅಜ್ಜನ ಅಪ್ಪನಿಗೆ ಪರದೇಶವಾಗಿದ್ದದ್ದು ಮರಿಮಗನಿಗೆ ಊರಾಗಿತ್ತು.

ದಖ್ಖನ್ನಿನಲ್ಲಿ ಈ ವಿದ್ಯೆಗೆ ಇನ್ನೂ ಹೆಚ್ಚಿನ ಮನ್ನಣೆ ಇತ್ತು. ತೈಮೂರ್ ವಂಶದ ಶಾಹ್‌ರುಖ್‌ನ ರಾಯಭಾರಿ ಅಬ್ದುರ್ರಝಾಖ್ ಸಮರ್ಖಂದಿ 1443ರಲ್ಲಿ ವಿಜಯನಗರಕ್ಕೆ ಬಂದಾಗ ಅಲ್ಲಿನ ಪೇಟೆಯಲ್ಲಿ ಹೂವಿನ ರಾಶಿ ನೋಡಿ ಬೆರಗಾದ. ಹೂವು ಈ ಜನಕ್ಕೆ ಅನ್ನದಷ್ಟೇ ಅಗತ್ಯ ಎಂಬಂತೆ ಬರೆದ. ಅವನು ಬರೆದದ್ದು ಗುಲಾಬಿಯ ಬಗ್ಗೆ, ಅದನ್ನು ಮಲ್ಲಿಗೆ ಎಂದು ತಿದ್ದುವ ಅಧಿಕಾರ ನಮಗಿಲ್ಲ. ಬಿಜಾಪುರದ ಎರಡನೇ ಇಬ್ರಾಹಿಮ್ ಆದಿಲ್ ಶಾಹ್ (ಆಳ್ವಿಕೆ 1580ರಿಂದ 1627) ಸಂಗೀತಪ್ರಿಯನೆಂದು ಎಲ್ಲರಿಗೂ ಗೊತ್ತು. ಅವನ ಆಸ್ಥಾನದಲ್ಲಿ ಇತ್ರ್-ಎ-ನೌರಸ್ ಶಾಹಿ ಎಂಬ ಫಾರ್ಸಿ ಗ್ರಂಥವೊಂದು ಸಿದ್ಧವಾಯಿತು ಎಂಬುದು ಕಡಿಮೆ ಜನಕ್ಕೆ ಗೊತ್ತು. ಅದು ಪೂರ್ತಿಯಾಗಿ ಸುಗಂಧ ತಯಾರಿಕೆಯ ಗ್ರಂಥ. ಗೋಲಗುಂಬಜದ ಪ್ರತಿಧ್ವನಿ ಎಣಿಸಲು ಮಕ್ಕಳನ್ನು ಕರೆದೊಯ್ಯುವ ನಾವು, ಆ ಊರಲ್ಲಿ ಪರಿಮಳಕ್ಕೂ ಒಂದು ಶಾಸ್ತ್ರ ಬರೆದಿದ್ದರು ಎಂದು ಅವರಿಗೆ ಹೇಳಿದ್ದುಂಟೇ?

ಅತ್ತರಿನ ಕಥೆಯಲ್ಲಿ ಕರ್ನಾಟಕದ ಪಾಲು ಮಲ್ಲಿಗೆಗಿಂತ ಶ್ರೀಗಂಧದ್ದು ದೊಡ್ಡದು. ಕನೌಜಿನ ಕುಶಲಕರ್ಮಿಗಳು ತಾಮ್ರದ ದೇಗಿನಲ್ಲಿ ಹೂವು ನೀರು ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಮಂದ ಉರಿಯಲ್ಲಿ ಹಬೆ ಎಬ್ಬಿಸುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಇಳಿದು ನೀರಿನಲ್ಲಿ ಕೂರಿಸಿದ ಭಪ್ಕಾ ಎಂಬ ಪಾತ್ರೆ ಸೇರುತ್ತದೆ. ಆ ಪಾತ್ರೆಯಲ್ಲಿ ಗಂಧದೆಣ್ಣೆ ಇರುತ್ತದೆ, ಹೂವಿನ ಪರಿಮಳ ಅದರೊಳಗೆ ಕೂರುತ್ತದೆ. ಮಲ್ಲಿಗೆಯಂಥ ನಾಜೂಕಿನ ಹೂವಿನಿಂದಲೂ ಮೋತಿಯಾ ಅತ್ತರ್ ತೆಗೆಯಲು ಅವರಿಗೆ ಸಾಧ್ಯವಾದದ್ದು ಆ ಮಂದ ಉರಿಯಿಂದ ಮತ್ತು ಆ ಗಂಧದೆಣ್ಣೆಯಿಂದ. ಮದ್ಯಸಾರದ ಸೋಂಕಿಲ್ಲ ಎಂದು ನಮ್ಮವರು ಅತ್ತರನ್ನೇ ಆರಿಸಿಕೊಂಡರು. ಹೂವು ಕನೌಜಿನದಾದರೂ ಅದನ್ನು ಹೊತ್ತ ಎಣ್ಣೆ ಹೆಚ್ಚಾಗಿ ಮೈಸೂರು ಸೀಮೆಯ ಮರದ್ದು.

ಈಗ ಗಂಧದೆಣ್ಣೆಯ ಬೆಲೆ ಕೈಗೆಟಕದಷ್ಟಾಗಿದೆ. ಹೀಗಾಗಿ ಕನೌಜಿನಲ್ಲೇ ಅನೇಕರು ವಾಸನೆಯಿಲ್ಲದ ಅಗ್ಗದ ರಾಸಾಯನಿಕ ಎಣ್ಣೆಗಳಿಗೆ ಇಳಿದಿದ್ದಾರೆ. ಮಸೀದಿಯ ಬಾಗಿಲಲ್ಲಿ ಐವತ್ತು ರೂಪಾಯಿಗೆ ಸಿಗುವ ಮೋತಿಯಾ, ಚಮೇಲಿ ಎಂಬ ಪುಟ್ಟ ಬಾಟಲಿಗಳಲ್ಲಿ ಹೂವೂ ಇಲ್ಲ, ಗಂಧವೂ ಇಲ್ಲ. ಮಾರುವವನನ್ನು ದೂರಿ ಫಲವಿಲ್ಲ. ಸುಮಾರು 600ರಿಂದ 700 ಕಿಲೋ ಹೂವಿಗೆ ಒಂದು ಕಿಲೋ ಶುದ್ಧ ಸಾರ ಸಿಗುತ್ತದೆ, ಒಂದು ಕಿಲೋ ಹೂವಿಗೆ ಸಾವಿರಾರು ಸಲ ಕೈ ಚಾಚಬೇಕು. ಐವತ್ತು ರೂಪಾಯಿಗೆ ಅದನ್ನು ಯಾರು ಕೊಟ್ಟಾರು?

ಆ ಚಾಚುವ ಕೈಗಳ ಬಗ್ಗೆಯೂ ಬರೆಯಬೇಕು. ಹತ್ತೊಂಬತ್ತನೇ ಶತಮಾನದ ಕೊನೆಗೆ ಫ್ರಾನ್ಸಿನ ಗ್ರಾಸ್ ಪಟ್ಟಣದಲ್ಲಿ ದ್ರಾವಕ ಬಳಸಿ ಪರಿಮಳ ಹೀರುವ ವಿಧಾನ ಬಳಕೆಗೆ ಬಂತು. ಅಲ್ಲಿ ಕೂಲಿ ದುಬಾರಿಯಾದಂತೆ ಮಲ್ಲಿಗೆಯ ಹೊಲಗಳು ಅಗ್ಗದ ಕೂಲಿಯ ನಾಡುಗಳಿಗೆ ಸರಿದವು. ಇಂದು ಜಗತ್ತಿನ ಮಲ್ಲಿಗೆ ಸಾರದ ಬಹುಪಾಲು ಈಜಿಪ್ಟ್ ಮತ್ತು ಭಾರತದ್ದು. ನೈಲ್ ಮುಖಜಭೂಮಿಯ ಘರ್ಬಿಯಾ ಪ್ರಾಂತ್ಯದಲ್ಲಿ ಕುಟುಂಬಗಳು ನಡುರಾತ್ರಿ ಕಳೆದ ಮೇಲೆ ಹೊಲಕ್ಕಿಳಿಯುತ್ತವೆ, ಬಿಸಿಲೇರುವ ಮೊದಲು ಹೂ ಕೊಯ್ದು ಮುಗಿಸಬೇಕು. ಮಕ್ಕಳೂ ನಿದ್ದೆಗೆಟ್ಟು ಅಲ್ಲಿ ದುಡಿಯುವುದನ್ನು 2024ರಲ್ಲಿ ಬಿಬಿಸಿ ಚಿತ್ರೀಕರಿಸಿ ತೋರಿಸಿತು. ಅವರ ಪಾಲಿಗೆ ಬರುವ ಪುಡಿಗಾಸನ್ನೂ, ಅದೇ ಹೂವಿನಿಂದಾದ ಸುಗಂಧದ ಬಾಟಲಿಯ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಆ ಸಂಜೆಯ ವಾದ ಬಹಳ ಚಿಕ್ಕದೆನಿಸಿತು. ಹೂ ಮುಡಿಯಬಹುದೇ ಎಂದು ನಾವು ಕೇಳುತ್ತೇವೆ, ಕೊಯ್ದವಳಿಗೆ ಕೂಲಿ ಸಂದಿತೇ ಎಂದು ಕೇಳುವುದಿಲ್ಲ. ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿ(ಸ)ರ ಬೋಧನೆಯನ್ನು ಮಾತ್ರ ಎಲ್ಲರೂ ಬಾಯಿಪಾಠ ಹೇಳುತ್ತೇವೆ.

ನಮ್ಮ ಕರಾವಳಿಯ ಲೆಕ್ಕ ಬೇರೆ, ಇಲ್ಲಿ ಹೂವು ಕಾರ್ಖಾನೆಗೆ ಹೋಗುವುದಿಲ್ಲ, ಮುಡಿಗೆ ಹೋಗುತ್ತದೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಮೈಸೂರು ಮತ್ತು ಹಡಗಲಿ ಮಲ್ಲಿಗೆಗಳಿಗೂ ಸಿಕ್ಕಿದೆ. ಶಂಕರಪುರದ ಸುತ್ತ ಹಿತ್ತಲಲ್ಲಿ ಹತ್ತಿಪ್ಪತ್ತು ಗಿಡವಿಟ್ಟುಕೊಂಡ ಮನೆಗಳೇ ಹೆಚ್ಚು. ಕ್ರೈಸ್ತರ ಮನೆ, ಹಿಂದೂಗಳ ಮನೆ ಎಂಬ ಭೇದವಿಲ್ಲ. ನಸುಕಿನಲ್ಲಿ ಮೊಗ್ಗು ಕೊಯ್ದು, ಹೆಂಗಸರು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಪ್ರತಿದಿನ ಹೊಸದು. ಮದುವೆ ಹಬ್ಬಗಳ ಕಾಲದಲ್ಲಿ ಅಟ್ಟೆ ಮುಟ್ಟಲಾಗದು, ಬೇಡಿಕೆ ಇಲ್ಲದ ದಿನ ಕೊಯ್ದ ಶ್ರಮವೂ ಹುಟ್ಟದು. ಉತ್ತರಕ್ಕೆ ಭಟ್ಕಳದಲ್ಲಿ ಅದರದೇ ಮಲ್ಲಿಗೆ. ಅರಬ್ ವರ್ತಕರ ಸಂತತಿ ಎಂದು ಹೇಳಿಕೊಳ್ಳುವ ನವಾಯತ್ ಮನೆಗಳೇ ಅದರ ದೊಡ್ಡ ಗಿರಾಕಿಗಳು. ಈದ್ ಹತ್ತಿರವಾದಂತೆ ಅಲ್ಲಿ ಹೂವಿನ ದರ ಏರುತ್ತದೆ. ಹೂ ಬೆಳೆದವರು ಒಂದು ಸಮುದಾಯ, ಮುಡಿದವರು ಇನ್ನೊಂದು, ನಡುವೆ ಬಸ್ಸಿನ ಟಪ್ಪದ ಮೇಲೆ ಬರುವ ಬಾಳೆಎಲೆಯ ಕಟ್ಟು. ಈ ವ್ಯಾಪಾರ ಎಷ್ಟೋ ತಲೆಮಾರುಗಳಿಂದ ಎರಡೂ ಕಡೆಯ ಒಲೆ ಉರಿಸಿದೆ. ನಾಳೆ ನಮ್ಮ ಮದುವೆಗಳಿಂದ ಮಲ್ಲಿಗೆ ಹೋದರೆ, ನಸುಕಿನಲ್ಲಿ ಏಳುವ ಆ ಹೆಂಗಸರ ಮನೆಗೂ ಅದು ತಟ್ಟುತ್ತದೆ. ಇಷ್ಟು ವರ್ಷ ತಾನಾಗಿಯೇ ನಡೆದುಬಂದ ಒಂದು ಕೊಡುಕೊಳ್ಳುವಿಕೆಯೂ ನಿಲ್ಲುತ್ತದೆ.

ಇನ್ನು ಆ ಹುಡುಗನ ಪ್ರಶ್ನೆ, ಅರಬರಲ್ಲಿ ಇದೆಲ್ಲಿದೆ ಎಂಬುದು. ರಿಯಾದಿನ ಮರುಭೂಮಿಯಲ್ಲಿ ಮಲ್ಲಿಗೆ ಕಾಣದಿದ್ದರೆ ಅದರಲ್ಲಿ ಅಚ್ಚರಿಯಿಲ್ಲ. ಅದೇ ಸೌದಿ ಅರೇಬಿಯಾದ ನೈಋತ್ಯ ಮೂಲೆಗೆ, ಜಿಝಾನಿಗೆ ಅವನು ಹೋಗಿದ್ದರೆ ಫುಲ್ ಹೂವಿನ ತೋಟಗಳನ್ನೇ ಕಾಣುತ್ತಿದ್ದ. ಅಲ್ಲಿ ಮದುಮಗಳ ತಲೆ, ಕತ್ತು ಫುಲ್ ಮಾಲೆಯಿಂದ ಮುಚ್ಚಿಹೋಗುತ್ತದೆ. ಆ ಭಾಗದ ಬೆಟ್ಟಗಳ ಗಂಡಸರು ಹೂವು, ಪರಿಮಳದ ಸೊಪ್ಪುಗಳ ಕಿರೀಟವನ್ನೇ ತಲೆಗೆ ಧರಿಸುತ್ತಾರೆ. ಗಡಿ ದಾಟಿದರೆ ಯೆಮನ್, ಅಲ್ಲಿನ ಲಹಜ್ ಪ್ರದೇಶದ ಫುಲ್ ಹೆಸರುವಾಸಿ. ಕೈರೋದ ಸಿಗ್ನಲ್ಲುಗಳಲ್ಲಿ ಮಕ್ಕಳು ಫುಲ್ ಸರ ಹಿಡಿದು ಕಾರಿನ ಕಿಟಕಿ ತಟ್ಟುತ್ತಾರೆ. ಡಮಾಸ್ಕಸಿನ ಹಳೆಯ ಮನೆಗಳ ಅಂಗಳದ ಗೋಡೆಗೆ ಯಾಸಮೀನ್ ಹಬ್ಬಿರುತ್ತದೆ, ಯುದ್ಧದಲ್ಲಿ ಊರು ಬಿಟ್ಟ ಸಿರಿಯನ್ನರು ತಮ್ಮ ಊರನ್ನು ನೆನೆಯುವುದೇ ಆ ಹೂವಿನಿಂದ. ಟ್ಯುನಿಷಿಯಾದಲ್ಲಿ ಒಣ ಹುಲ್ಲಿನ ಕಡ್ಡಿಗಳಿಗೆ ಮೊಗ್ಗು ಪೋಣಿಸಿ ಮಶ್ಮೂಮ್ ಎಂಬ ಪುಟ್ಟ ಗುಚ್ಛ ಕಟ್ಟುತ್ತಾರೆ. ಬೇಸಿಗೆಯ ಸಂಜೆ ಗಂಡಸರು ಅದನ್ನು ಕಿವಿಗೆ ಸಿಕ್ಕಿಸಿಕೊಂಡು ಕಾಫಿ ಅಂಗಡಿಯಲ್ಲಿ ಕೂರುತ್ತಾರೆ. ಇದನ್ನು ಹೇಳಿದಾಗ ಹುಡುಗ ಮೊದಲ ಬಾರಿ ನಕ್ಕ. "ಗಂಡಸರಾ?" ಎಂದ. ಗಂಡಸರೇ.

ನಕ್ಕ ಮೇಲೆ ಅವನು ಹೇಳಿದ ಮಾತನ್ನೂ ಇಲ್ಲಿ ದಾಖಲಿಸುವುದು ನ್ಯಾಯ. "ಚಾಚಾ, ಅಲ್ಲಿ ಕೆಲಸಕ್ಕೆ ಹೋದವನಿಗೆ ಕ್ಯಾಂಪು, ಸೈಟು, ಮಸೀದಿ ಮೂರೇ ಕಾಣೋದು. ಅರಬರ ಮನೆಯೊಳಗೆ ನನ್ನನ್ನು ಯಾರು ಕರೀತಾರೆ? ಅವರ ಮದುವೆ ನಾನೆಲ್ಲಿ ನೋಡ್ಲಿ?" ಎಂದ. ಎಂಟು ವರ್ಷದ ಅವನ ದುಡಿಮೆಯಿಂದಲೇ ಆ ಮನೆಯ ಮಾಡು ನಿಂತಿದೆ, ಈ ಮದುವೆಯೂ ನಡೆದಿದೆ. ಅವನ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಿಕಾಹಿನ ದಿನ ಹೆಂಗಸರ ಕೋಣೆಯಲ್ಲಿ ಹುಡುಗಿಗೆ ಹೂ ಮುಡಿಸಿದರು. ಮೂರು ದಿನ ಕಳೆದು ಹೊರಡುವ ಮುಂಚೆ ಸಲಾಮ್ ಹೇಳಲು ಅಡುಗೆಮನೆಗೆ ಹೋದಾಗ ನಾನಿ ಉಳಿದ ಮಲ್ಲಿಗೆಯನ್ನು ನಾರಿನಿಂದ ಬಿಡಿಸಿ, ಬಾಡಿದ್ದನ್ನು ಆಯ್ದು ಎಸೆದು, ಉಳಿದದ್ದನ್ನು ತೆಂಗಿನೆಣ್ಣೆಯ ಅಗಲ ಬಾಯಿಯ ಬಾಟಲಿಗೆ ಹಾಕುತ್ತಿದ್ದರು. ಯಾಕೆಂದು ಕೇಳಿದೆವು. "ರಾತ್ರಿ ಇಟ್ಟು ಬೆಳಿಗ್ಗೆ ಹೂ ತೆಗೀಬೇಕು, ಮತ್ತೆ ಹೊಸದು ಹಾಕ್ಬೇಕು. ಹಂಗೇ ನಾಲ್ಕೈದು ದಿನ. ನಮ್ಮ ಅಮ್ಮ ಮಾಡ್ತಿದ್ರು. ಜುಮಾದ ದಿನ ನಿಮ್ಮ ನಾನಾ ಇದನ್ನೇ ತಲೆಗೆ ಹಚ್ಚಿ ಹೋಗ್ತಿದ್ದದ್ದು" ಎಂದರು. ಇದಕ್ಕೆ ಹೆಸರೇನು ಎಂದು ಕೇಳಿದೆವು. ಹೂವಿನೆಣ್ಣೆ, ಇನ್ನೇನು ಹೆಸರು ಎಂದು ಬಾಟಲಿಯ ಮುಚ್ಚಳ ತಿರುಗಿಸಿದರು.